ತೋಳು ಕೊಟ್ಟವರಿಗೆ

ನಿನ್ನೆ ವೈವಾ ಮುಗಿದು ರಕ್ತನಾಳಗಳ ಮೇಲಿನ ನನ್ನ ಪಿಎಚ್‌ಡಿ ಪ್ರಬಂಧ ಒಪ್ಪಿಗೆಯಾಯಿತು. ಅದರ ಮೊದಲ ಪುಟಗಳಲ್ಲಿ ಎಲ್ಲರನ್ನೂ ನೆನೆದಿದ್ದೇನೆ. ಹೆಸರು ಹಾಕುವಂತಿಲ್ಲದವರು ಮಾತ್ರ ಉಳಿದರು, ಪರೀಕ್ಷೆಗೆ ತೋಳು ಕೊಟ್ಟವರು.

ಮುಂಗೈಗೆ ಪಟ್ಟಿ ಬಿಗಿದು 5 ನಿಮಿಷ ರಕ್ತದ ಓಟ ತಡೆಯುತ್ತಿದ್ದೆ. ಬೆರಳು ಜುಮುಗುಡುತ್ತದೆ, ಆಮೇಲೆ ಕೈ ನಮ್ಮದಲ್ಲವೇನೋ ಅನ್ನಿಸುತ್ತದೆ. ಗೊತ್ತು, ಮೊದಲು ಕಟ್ಟಿಕೊಂಡದ್ದು ನನ್ನ ಕೈಗೇ. "ಇನ್ನೆಷ್ಟು ಹೊತ್ತಮ್ಮಾ?" ಎನ್ನುತ್ತಲೇ ಕೂತವರಿಗೆಲ್ಲ ದೊಡ್ಡ ನಮಸ್ಕಾರ.

ಇಷ್ಟೆಲ್ಲ ಒಂದು ಪದರಕ್ಕಾಗಿ. ಅಪಧಮನಿಯ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಹೊದಿಕೆಯಿದೆ, ಎಂಡೋಥೀಲಿಯಂ. ಬಹುಕಾಲ ಅದನ್ನು ಬರೀ ಅಸ್ತರಿನಂತೆ ಕಂಡರು. ಅದು ಉಜ್ಜಿಹೋದರೆ ನಾಳ ಸಡಿಲಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೂ ಮೊಲದ ಮಹಾಪಧಮನಿ ಸಡಿಲವಾಗುವುದಿಲ್ಲವೆಂದು 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಆ ಪದರ ಬಿಡುವ ನೈಟ್ರಿಕ್ ಆಕ್ಸೈಡ್ ಅನಿಲವೇ ನಾಳವನ್ನು ಸಡಿಲಿಸುವುದೆಂದು ಆಮೇಲೆ ತಿಳಿಯಿತು. ಈ ಶೋಧಕ್ಕೆ 1998ರಲ್ಲಿ ನೊಬೆಲ್ ಬಂತು. ರಕ್ತ ಮೈ ಸವರಿಕೊಂಡು ಹರಿಯುತ್ತಿದ್ದರೆ ಪದರ ಈ ಅನಿಲವನ್ನು ಚೆನ್ನಾಗಿ ತಯಾರಿಸುತ್ತದೆ. ಹರಿವು ಬಹುದಿನ ಕುಗ್ಗಿದರೆ ತಯಾರಿಕೆ ಇಳಿದು ನಾಳ ಬಿಗಿಯುತ್ತದೆ, ನುಣುಪು ಮೈ ಅಂಟಂಟಾಗಿ ಬಿಳಿ ರಕ್ತಕಣಗಳನ್ನು ಹಿಡಿದುಕೊಳ್ಳುತ್ತದೆ. ಕವಲು, ತಿರುವುಗಳಲ್ಲಿ ಹರಿವು ಮಂದ, ಅಸ್ತವ್ಯಸ್ತ. ಕೊಬ್ಬು ಮೊದಲು ಕೂರುವುದೂ ಅಲ್ಲೇ.

ಪಟ್ಟಿ ಬಿಚ್ಚಿದಾಗ ರಕ್ತ ನುಗ್ಗುತ್ತದೆ. ಪದರ ಆರೋಗ್ಯವಾಗಿದ್ದರೆ ತೋಳಿನ ಅಪಧಮನಿ ಹಿಗ್ಗುತ್ತದೆ. 4 ಮಿ.ಮೀ. ನಾಳ ಹಿಗ್ಗುವುದು ಹೆಚ್ಚೆಂದರೆ 0.2ರಿಂದ 0.4 ಮಿ.ಮೀ. ಅದನ್ನು ಅಳೆಯಲು ತೋಳಿನ ಮೇಲೆ ಹಿಡಿದ ಅಲ್ಟ್ರಾಸೌಂಡ್ ಪ್ರೋಬ್ ಕೂದಲೆಳೆಯಷ್ಟು ಜರುಗಿದರೂ ಲೆಕ್ಕ ಹಾಳು. ನನ್ನ ಮೊದಲ ಮೂರು ತಿಂಗಳ ಚಿತ್ರಗಳು ಹೋದದ್ದು ಹಾಗೆಯೇ. "ಮೊಣಕೈ ಮೇಜಿಗೆ ಊರು, ಉಸಿರಾಡು ಮಾರಾಯ್ತಿ" ಎಂದು ಕೈ ತಿದ್ದಿದ ಅಲ್ಟ್ರಾಸೌಂಡ್ ಅಕ್ಕನಿಗೆ ನಾನು ಋಣಿ.

ಗೈಡ್‌ಗೂ. ಗಂಟೆಗಟ್ಟಲೆ ಕೂತರೆ ಕಾಲಿನ ನಾಳಗಳ ಈ ಹಿಗ್ಗುವ ಶಕ್ತಿ ಮಂಕಾಗುತ್ತದೆ, ನಡುವೆ ಎದ್ದು ನಡೆದರೆ ಉಳಿಯುತ್ತದೆ ಎಂಬ ಅಧ್ಯಾಯವನ್ನು ನಾನು ಕುರ್ಚಿ ಬಿಡದೆ ಬರೆಯುತ್ತಿದ್ದೆ. ದಿನಾ ಬಂದು ಎಬ್ಬಿಸಿ ಓಡಾಡಿಸಿದವರು ಅವರೇ.

ಇನ್ನೊಬ್ಬರಿದ್ದಾರೆ. ಪಟ್ಟಿ ಬಿಚ್ಚುತ್ತಲೇ ಒಬ್ಬ ಹಿರಿಯರು ಕತ್ತು ಚಾಚಿ, "ಪರದೆ ಮೇಲೆ ಮಿಡೀತಿರೋದು ನಂದೇನಾ?" ಎಂದು ಕೇಳಿದರು. ನಾನು ಸೆಕೆಂಡು ಎಣಿಸುತ್ತಿದ್ದೆ, ಉತ್ತರಿಸಲಿಲ್ಲ. ಆಮೇಲೆ ಮರೆತೇಬಿಟ್ಟೆ.

ಹೌದು ಸರ್, ನಿಮ್ಮದೇ. ಚೆನ್ನಾಗಿಯೇ ಹಿಗ್ಗಿತ್ತು.