2021ರ ಮೇ 1ರ ಮತದಾನ: ಪ್ರಸ್ತಾವ ‘ಡಿ’ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಮತದಾರರು ಗಮನಿಸಿ (ಪಕ್ಕದ ಊರುಗಳಾದ ರೌಂಡ್ ರಾಕ್, ಸೀಡರ್ ಪಾರ್ಕ್‌ನವರಿಗೆ ಇದು ಅನ್ವಯಿಸಲ್ಲ). 2021ರ ಮೇ 1, ಶನಿವಾರದ ಮತಪತ್ರದಲ್ಲಿ ಮೇಯರ್ ಚುನಾವಣೆಯ ವರ್ಷ ಬದಲಿಸುವ ಪ್ರಸ್ತಾವ ‘ಡಿ’ ಇದೆ; ಬೇಕೋ ಬೇಡವೋ ಅಂತ ಮತದಾರರೇ ಹೇಳಬೇಕು. ನಾಗರಿಕರೇ 20,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ತಂದ ಅರ್ಜಿಯಿದು. ಪಾಸಾದರೆ 2024ರಿಂದ ಮೇಯರ್ ಚುನಾವಣೆ ಅಧ್ಯಕ್ಷೀಯ ಚುನಾವಣೆಯ ದಿನವೇ ನಡೆಯುತ್ತೆ. ಅಂದರೆ 2022ರಲ್ಲಿ ಮೇಯರ್ ಆಗಿ ಗೆದ್ದವರಿಗೆ ನಾಲ್ಕರ ಬದಲು ಎರಡೇ ವರ್ಷದ ಅವಧಿ.

ಅಧ್ಯಕ್ಷೀಯ ವರ್ಷದಲ್ಲಿ ಮತಗಟ್ಟೆಗೆ ಬರುವವರು ಜಾಸ್ತಿ, ಹಾಗಾಗಿ ನನ್ನ ಮತ ಪರವಾಗಿ. ಆದರೆ ವಾಷಿಂಗ್ಟನ್ ಗದ್ದಲದಲ್ಲಿ ನಮ್ಮ ನೀರು, ಬಸ್ಸಿನ ಮಾತು ಕೇಳೋರ್ಯಾರು ಅನ್ನೋ ವಾದವನ್ನೂ ತಳ್ಳಿಹಾಕೋಕಾಗಲ್ಲ.

ಮುಂಗಡ ಮತದಾನ ಏಪ್ರಿಲ್ 19ರಿಂದ 27. ಡ್ರೈವಿಂಗ್ ಲೈಸೆನ್ಸ್ ಮರೀಬೇಡಿ. ಗ್ರೀನ್ ಕಾರ್ಡ್‌ನವರಿಗೆ ಮತವಿಲ್ಲ, ದಯವಿಟ್ಟು ಅದನ್ನೇ ಮತ್ತೆ ಕೇಳಬೇಡಿ!