ಮಂಗನ ಕಾಯಿಲೆ: ಸಂಶೋಧನೆಯ ಪ್ರಶ್ನೆಗಳು ಊರಿನಿಂದಲೂ ಬರಲಿ

ಮಾನ್ಯರೇ,

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಕಾರಣವಾದ ವೈರಾಣುವನ್ನೂ ಅದನ್ನು ಹರಡುವ ಉಣುಗನ್ನೂ ವಿಜ್ಞಾನಿಗಳು ಬೇಗನೆ ಗುರುತಿಸಿದರು. ಅದಕ್ಕಾಗಿ ಮಲೆನಾಡು ಅವರಿಗೆ ಋಣಿ. ಆದರೆ ಮುಂದೆ ಯಾವುದನ್ನು ಸಂಶೋಧಿಸಬೇಕು, ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವಾಗ ಕಾಯಿಲೆ ಉಂಡವರನ್ನು ಕೂರಿಸಿಕೊಂಡು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ನಮ್ಮ ಅತ್ತಿಗೆಗೆ ಈ ಜ್ವರ ಬಂದು, ಬಿಟ್ಟು, ಕೆಲವು ದಿನಗಳಲ್ಲಿ ಮತ್ತೆ ಮರುಕಳಿಸಿತು. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಗುಣಮುಖರಾದವರು. ಮನೆಗೆ ಬಂದ ಮೇಲೆ ಮಾತ್ರ ಮೆಟ್ಟುಗತ್ತಿಯ ಮುಂದೆ ಕುಳಿತರೆ ಕೈ ನಡುಗುತ್ತಿತ್ತು. ಹತ್ತು ಅಡಿಕೆ ಸುಲಿಯುವಷ್ಟರಲ್ಲಿ ಗೋಡೆಗೆ ಒರಗುತ್ತಿದ್ದರು. ಈ ನಿತ್ರಾಣ ಎಷ್ಟು ತಿಂಗಳು ಇರುತ್ತದೆ, ಏನು ಮಾಡಿದರೆ ಬೇಗ ಕಳೆಯುತ್ತದೆ ಎಂಬ ಅವರ ಪ್ರಶ್ನೆಗೆ ಖಚಿತವಾಗಿ ಉತ್ತರಿಸುವವರು ನಮಗೆ ಸಿಗಲಿಲ್ಲ. ಬೆವರು ಸುರಿಸಿ ದುಡಿಯುವವರ ಮೈಮೇಲೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ತೈಲ ಎಷ್ಟು ಹೊತ್ತು ನಿಲ್ಲುತ್ತದೆ, ಕೊಟ್ಟಿಗೆಗೆ ಕಾಡಿನಿಂದ ದರಕು (ಉದುರಿದ ಒಣ ಎಲೆ) ತರದೆ ಗತಿಯಿಲ್ಲದವರು ಅದನ್ನು ಹೇಗೆ ತಂದರೆ ಅಪಾಯ ಕಡಿಮೆ, ಕಾಡಿನಲ್ಲಿ ಮೇಯ್ದು ಬಂದ ದನಗಳ ಮೈಯಿಂದ ಉಣುಗು ತೆಗೆಯುತ್ತಿದ್ದರೆ ಮನೆಯವರಿಗೆ ಎಷ್ಟು ರಕ್ಷಣೆ ಎಂದು ಊರಿನವರು ಕೇಳುತ್ತಲೇ ಇದ್ದಾರೆ.

ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ 6ರಿಂದ 9 ತಿಂಗಳೊಳಗೆ ಇನ್ನೊಮ್ಮೆ, ಬಳಿಕವೂ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗದ ನೋವಿಗೆ ಹೆದರಿ, ಕೂಲಿ ತಪ್ಪುತ್ತದೆಂದು ಅರ್ಧಕ್ಕೇ ಬಿಟ್ಟವರು ಅನೇಕರು. ಪರಿಣಾಮ ಸಾಲದೆಂದು ಆ ಲಸಿಕೆಯನ್ನು ನಿಲ್ಲಿಸಿ, ಹೊಸದಕ್ಕಾಗಿ ಪ್ರಯತ್ನ ನಡೆದಿರುವ ಈ ಹೊತ್ತಿನಲ್ಲಿ, ಎಷ್ಟು ಸಲ, ಯಾವ ತಿಂಗಳಲ್ಲಿ ಕೊಟ್ಟರೆ ಬರಲು ಸಾಧ್ಯ ಎಂದು ಕೂಲಿಕಾರರನ್ನು ಮೊದಲೇ ಕೇಳುವುದು ಕಷ್ಟವೇನಲ್ಲ.

ಬ್ರಿಟನ್ನಿನಲ್ಲಿ 2004ರಲ್ಲಿ ಆರಂಭವಾದ ಜೇಮ್ಸ್ ಲಿಂಡ್ ಅಲಯನ್ಸ್ ಇದಕ್ಕೊಂದು ದಾರಿ ಹಾಕಿಕೊಟ್ಟಿದೆ. ಅಲ್ಲಿ ರೋಗಿಗಳು, ಅವರನ್ನು ನೋಡಿಕೊಳ್ಳುವವರು ಮತ್ತು ಚಿಕಿತ್ಸೆ ನೀಡುವವರಿಂದ ಪ್ರಶ್ನೆಗಳನ್ನು ಸಂಗ್ರಹಿಸಿ, ಈಗಾಗಲೇ ಉತ್ತರ ಸಿಕ್ಕಿರುವುದನ್ನು ಬಿಟ್ಟು, ಉಳಿದವುಗಳಲ್ಲಿ ಮುಖ್ಯವಾದ ಹತ್ತನ್ನು ಎಲ್ಲರೂ ಸಮಾನರಾಗಿ ಕುಳಿತು ಆರಿಸುತ್ತಾರೆ. ಆ ಆಯ್ಕೆಯಲ್ಲಿ ಔಷಧ ಕಂಪನಿಗಳಿಗೆ ಪಾತ್ರವಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಜ್ಯದ ಆರೋಗ್ಯ ಇಲಾಖೆಯೂ ಸಾಗರ, ಸೊರಬ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಸಭೆಗಳನ್ನು ನಡೆಸಬೇಕೆಂದು ವಿನಂತಿಸುತ್ತೇನೆ. ಜ್ವರದ ಕಾಲ ಮುಗಿದ ಮಳೆಗಾಲದಲ್ಲಿ ಸಭೆ ಸೇರಲಿ; ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿ ಕೊಡಲಿ; ಆಶಾ ಕಾರ್ಯಕರ್ತೆಯರನ್ನು ಮರೆಯದಿರಲಿ. ಬಂದ ಪ್ರಶ್ನೆಗಳಲ್ಲಿ ಯಾವುದನ್ನು ಸಂಶೋಧನೆಗೆ ಎತ್ತಿಕೊಂಡರು, ಯಾವುದನ್ನು ಏಕೆ ಕೈಬಿಟ್ಟರು ಎಂಬುದನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆದು ಹಾಕಲಿ.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು