ಉಚಿತ ತಪಾಸಣೆ ಕೂಪನ್‌ಗಳ ಬಗ್ಗೆ

ಫ್ಲೋರಿಡಾದ ಗೆಳೆಯರೆಲ್ಲರಿಗೂ ನಮಸ್ಕಾರ. ಬೆನ್ನುಮೂಳೆ ತಪಾಸಣೆ, ಎಕ್ಸ್‌ರೇ ಉಚಿತ ಎನ್ನುವ ಕೈರೋಪ್ರ್ಯಾಕ್ಟಿಕ್ (ಕೈಯಿಂದ ಒತ್ತಿ ಬೆನ್ನುಮೂಳೆ ಸರಿಪಡಿಸುವ ಚಿಕಿತ್ಸೆ) ಕೂಪನ್‌ಗಳನ್ನು ದಯವಿಟ್ಟು ಇಲ್ಲಿ ಸುಮ್ನೆ ಫಾರ್ವರ್ಡ್ ಮಾಡಬೇಡಿ. ರಿಯಾಯಿತಿ ಕೊಡುವುದು ತಪ್ಪಲ್ಲ. ದುಡ್ಡಿಲ್ಲದವರಿಗೆ ಫೀಸು ಕಡಿಮೆ ಮಾಡಿದರೆ ಒಳ್ಳೆಯದೇ. ಆದರೆ ಉಚಿತ ಅಂತ ಕರೆದು, ನೋವಿನಲ್ಲಿರುವವರಿಗೆ ಎಕ್ಸ್‌ರೇ ತೋರಿಸಿ ಹೆದರಿಸಿ, ಅವತ್ತೇ ತಿಂಗಳುಗಟ್ಟಲೆಯ ಪ್ಯಾಕೇಜಿಗೆ ಮುಂಗಡ ಕಟ್ಟಿಸಿಕೊಳ್ಳುವುದು ಅನ್ಯಾಯ ಅಲ್ವಾ? ಅಪಾಯದ ಲಕ್ಷಣ ಇಲ್ಲದ ಹೊಸ ಸೊಂಟನೋವಿಗೆ ಮೊದಲ 6 ವಾರ ಎಕ್ಸ್‌ರೇ ಬೇಡ ಅಂತ ಅಮೆರಿಕದ ಕೈರೋಪ್ರ್ಯಾಕ್ಟರ್‌ಗಳ ಸಂಘವೇ ಹೇಳಿದೆ.

ಇಲ್ಲಿನ ಕಾನೂನು ನಮ್ಮ ಪರ ಇದೆ. ಇಂಥ ಜಾಹೀರಾತು ನೋಡಿ ಹೋದಾಗ, ಅದರಿಂದಾಗಿ 72 ಗಂಟೆಯೊಳಗೆ ಮಾಡಿದ ಬೇರೆ ಚಿಕಿತ್ಸೆಗೆ ದುಡ್ಡು ಕೊಡಲ್ಲ ಅನ್ನಬಹುದು. ಕಟ್ಟಿದ್ದರೆ ವಾಪಸ್ ಕೇಳಬಹುದು. ಸಾಮಾನ್ಯವಾಗಿ ಈ ಮಾತು ಜಾಹೀರಾತಿನಲ್ಲೇ ಇರಬೇಕು.

ಮೆಡಿಕೇರ್ (ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ) ಇರುವ ಹಿರಿಯರೇ, ಕೈರೋಪ್ರ್ಯಾಕ್ಟರ್ ಹತ್ತಿರ ಹೋದರೆ ಸರ್ಕಾರವೇ ನೇರವಾಗಿ ನಡೆಸುವ ಮೂಲ ಮೆಡಿಕೇರ್ ದುಡ್ಡು ಕೊಡುವುದು ಕೈಯಿಂದ ಬೆನ್ನುಮೂಳೆ ಸರಿಪಡಿಸುವುದಕ್ಕೆ ಮಾತ್ರ. ಅವರು ತೆಗೆಸುವ ಎಕ್ಸ್‌ರೇಗೆ, ಮಸಾಜಿಗೆ ಇಲ್ಲ. "ಮೆಡಿಕೇರ್ ಬಿಲ್ಲಿನಲ್ಲಿ ನಿಮ್ಮ ಪಾಲಿನ ದುಡ್ಡು ಬೇಡ" ಅಂತ ಬಂದವರಿಗೆಲ್ಲ ಹೇಳುವ ಕಡೆ ಜಾಸ್ತಿ ಎಚ್ಚರವಿರಲಿ. ಹಾಗೆ ಮಾಮೂಲಾಗಿ ಮನ್ನಾ ಮಾಡುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧವಾಗಬಹುದು.

ಈಗಾಗಲೇ ಪ್ಯಾಕೇಜಿಗೆ ಕಟ್ಟಿದವರು ಕೂಪನ್, ರಸೀದಿ ಎರಡನ್ನೂ ಎತ್ತಿಟ್ಟುಕೊಂಡು ನನಗೆ ಮೆಸೇಜ್ ಮಾಡಿ.